ಹಿತ್ತಲ ಬಾಗಿಲಿಂದ ಹೊರಟ ಬುತ್ತಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಮೊನ್ನೆ ಬೆಳಿಗ್ಗೆ ರಾಣೇಬೆನ್ನೂರಿನ ಆಸ್ಪತ್ರೆಯಲ್ಲಿ, ನಮ್ಮ ಮನೆಯವರು ಹೊರಗೆ ಎರಡನೆಯ ಪ್ಲೇಟು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದ ಅತ್ಯಂತ ಜವಾಬ್ದಾರಿಯ ಹೊತ್ತಿನಲ್ಲಿ ಹುಟ್ಟಿದಳು. ಈಗ ಇಡೀ ಬ್ಯಾಡಗಿಗೆ ಸುದ್ದಿ ಗೊತ್ತು. ಗೊತ್ತಿಲ್ಲದವರ ಮನೆಗೆ ನಾನೇ ಹೋಗಿ ಹೇಳಿ ಬಂದೆ. ಗೊತ್ತಿದ್ದವರ ಮನೆಗೂ ಹೋಗಿದ್ದೆ, ಮರೆತಿದ್ದರೆ ಏನು ಗತಿ ಅಂತ.

ಮಗುವನ್ನು ನೋಡಲು ಬಂದವರು ಅದನ್ನು ಹೊಲದ ಹಾಗೆ ಹಂಚಿಕೊಂಡುಬಿಟ್ಟರು. ಮೂಗು ಒಬ್ಬರಿಗೆ, ಗದ್ದ ಇನ್ನೊಬ್ಬರಿಗೆ. ಹಾವೇರಿಯಿಂದ ಬಂದ ಗಂಗಕ್ಕ ಹಣೆಯನ್ನು ತಮ್ಮ ಹೆಸರಿಗೆ ಮಾಡಿಕೊಂಡರು. ಗಂಗಕ್ಕ ಅಂದರೆ ನಮ್ಮ ಮನೆಯವರ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಅಳುವ ದನಿ ಮಾತ್ರ ನನ್ನದಂತೆ. ಅದರ ಮೇಲೆ ಯಾರ ತಕರಾರೂ ಇಲ್ಲವಂತೆ. ನಾನು ಜಗಳಕ್ಕೆ ಹೋಗಲಿಲ್ಲ. ಸುಮ್ಮನೆ ಮಗುವಿನ ಕಿವಿ ನೋಡಿದೆ. ಒಳಕ್ಕೆ ಮಡಚಿಕೊಂಡು, ಅಂಚಿಗೆ ಸಣ್ಣ ಸಣ್ಣ ನೆರಿಗೆ ಬಿದ್ದು, ಥೇಟ್ ಎಣ್ಣೆಗೆ ಬಿಡಲು ತಯಾರಾದ ಕರ್ಚಿಕಾಯಿ. ಅಜ್ಜಿಯಾದವಳು ಮೊಮ್ಮಗಳ ಕಿವಿ ನೋಡಿ ಕರಿದ ತಿಂಡಿಯನ್ನು ನೆನೆಯಬಾರದು, ಒಪ್ಪಿದೆ. ಆದರೆ ಆ ಮಗುವಿಗೂ ಕರಿದ ತಿಂಡಿಗೂ ಒಂದು ಲೆಕ್ಕವಿದೆ. ಅದನ್ನು ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ.

ಮನೆಗೆ ಬಂದವಳೇ ಕರ್ಚಿಕಾಯಿ ಚಕ್ರ ಹುಡುಕಿದೆ. ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸುವ ಹಿತ್ತಾಳೆಯ ಪುಟ್ಟ ಗಾಲಿ ಅದು. ಮದುವೆಯಾದಾಗ ಕುಪ್ಪೇಲೂರಿನ ನನ್ನ ತವರಿನಿಂದ ನನ್ನ ಜೊತೆ ಬಂದದ್ದು. ತವರಿನಿಂದ ತಂದ ಸಾಮಾನಿನಲ್ಲಿ ಈಗ ಉಳಿದಿರುವುದು ಆ ಚಕ್ರ ಮತ್ತು ನನ್ನ ನಾಲಿಗೆ, ಎರಡೂ ಸವೆದಿಲ್ಲ ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳುತ್ತಾರೆ. ಹೇಳಲಿ. ಮೆಣಸಿನಕಾಯಿ ದಲಾಲಿ ಮಾಡಿ ಮಾಡಿ ಅವರ ಮಾತಿಗೆ ಘಾಟು ಬಂದಿದೆ.

ಚಕ್ರ ಸಿಕ್ಕಿತು. ಆದರೆ ಅದು ಕಡೆಯ ಸಲ ಕತ್ತರಿಸಿದ್ದು ಕರ್ಚಿಕಾಯಿಯನ್ನಲ್ಲ, ಪಾತೆಯನ್ನು. ಪಾತೆ ಹೈಟಿ ದೇಶದ ತಿಂಡಿ. ಹೈಟಿ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ನಾನು ಕುಪ್ಪೇಲೂರಿನ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದವಳು. ಅಲ್ಲಿ ಗೋಡೆಗೆ ಹಾಕಿದ ನಕಾಶೆಯಲ್ಲಿ ಅರ್ಧ ಜಗತ್ತನ್ನು ಗೆದ್ದಲು ತಿಂದಿತ್ತು. ಹೈಟಿ ಆ ಅರ್ಧದಲ್ಲಿರಬೇಕು.

ನಮ್ಮ ಮಗ ಮಲ್ಲು ಕೃಷಿ ಓದಲು ಧಾರವಾಡಕ್ಕೆ ಹೋಗಿ ಒಂದು ಡಿಗ್ರಿ ಮತ್ತು ಒಬ್ಬ ಹುಡುಗಿಯನ್ನು ತಂದ. ಡಿಗ್ರಿಯನ್ನು ಗೋಡೆಗೆ ಹಾಕಿದೆವು. ಹುಡುಗಿ ರೋಜ್ಲಿನ್, ಆ ಹೈಟಿಯಿಂದ ಅದೇ ಕಾಲೇಜಿಗೆ ಓದಲು ಬಂದವಳು. ಮದುವೆ ಬೇಡವೆಂದು ನಮ್ಮ ಮನೆಯವರು ಉಪವಾಸ ಕೂತರು. ದೊಡ್ಡ ಹೋರಾಟ. ಮಧ್ಯಾಹ್ನ ಬದನೆಕಾಯಿ ಎಣ್ಣೆಗಾಯಿ ವಾಸನೆ ಬಂದ ಕೂಡಲೆ ಹೋರಾಟ ಮುಗಿಯಿತು. ಈಗ ಇಬ್ಬರೂ ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾರೆ, ಮುಂಜಾನೆ ಹೋಗಿ ಸಂಜೆ ಬರುತ್ತಾರೆ. ಓಣಿಯವರು ಅವಳನ್ನು ರೋಜವ್ವ ಮಾಡಿದರು. ಅವಳು ಧಾರವಾಡದ ಹಾಸ್ಟೆಲಿನಲ್ಲಿ ಕನ್ನಡ ಕಲಿತವಳು. ಬೆಂಗಳೂರಿನ ನಮ್ಮ ನೆಂಟರ ಮಕ್ಕಳಿಗಿಂತ ಚೆನ್ನಾಗಿ ಮಾತಾಡುತ್ತಾಳೆ. ಆ ಮಕ್ಕಳು ಕನ್ನಡ ಮಾತಾಡುವುದನ್ನು ಕೇಳಿದರೆ ಪರದೇಶದಿಂದ ಬಂದವರು ಯಾರು ಎಂದು ಸಂಶಯ ಬರುತ್ತದೆ.

ಹೋದ ಬೇಸಿಗೆಗೆ ಸ್ವಲ್ಪ ಮುಂಚೆ ರೋಜವ್ವ ಬಸುರಿಯಾದಳು. ಅಂದಿನಿಂದ ವಾಂತಿ ಸುರುವಾಯಿತು. ರೊಟ್ಟಿ ತಿಂದರೆ ವಾಂತಿ, ಅನ್ನ ತಿಂದರೆ ವಾಂತಿ, ಗಂಗಕ್ಕನ ಸಲಹೆ ಕೇಳಿದರೂ ವಾಂತಿ. ಓಣಿಯಲ್ಲಿ ಇಷ್ಟೊಂದು ಜನ ವೈದ್ಯರಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬಳು ನಿಂಬೆಹಣ್ಣು ಮೂಸು ಎಂದಳು, ಇನ್ನೊಬ್ಬಳು ಮೂಸಲೇಬೇಡ ಎಂದಳು. ನಮ್ಮ ಮನೆಯವರು ಎಲ್ಲವನ್ನೂ ಕೇಳಿ, ಗಂಭೀರವಾಗಿ ತಲೆಯಾಡಿಸಿ, "ಹಿಂಗ ಇರ್ತೈತಿ" ಎಂದು ತೀರ್ಪು ಕೊಟ್ಟರು. ಬಹಳ ಹಡೆದವರ ಹಾಗೆ.

ವಾಂತಿಯೇನೋ ಎಲ್ಲರಿಗೂ ಇರುತ್ತದೆ. ಆದರೆ ಐದನೆಯ ತಿಂಗಳಾದರೂ ನಿಲ್ಲಲಿಲ್ಲ, ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಉಳಿದಳು. ಅವಳ ಕೈಬಳೆ ಮೊಣಕೈತನಕ ಜಾರುವ ಹಾಗಾಯಿತು. ಜಾರದಿರಲೆಂದು ದಾರ ಸುತ್ತಿಕೊಂಡಿದ್ದಳು, ನಾನು ನೋಡಬಾರದೆಂದು ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಿದ್ದಳು. ಡಾಕ್ಟರರು, ಏನು ಮನಸ್ಸಿಗೆ ಬರುತ್ತದೋ ಅದನ್ನು ಕೊಡಿ, ಹೊಟ್ಟೆಯಲ್ಲಿ ನಿಲ್ಲಬೇಕು, ಇಲ್ಲವಾದರೆ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿ ಮಲಗಿಸಬೇಕಾಗುತ್ತದೆ ಎಂದರು. ಅಂದು ಮಾತ್ರ ನನಗೆ ಯಾರ ಮೇಲೂ ಕುಹಕ ಮಾಡುವ ಮನಸ್ಸಾಗಲಿಲ್ಲ.

ಬಸುರಿಯ ಬಯಕೆ ತೀರಿಸುವುದು ನಮ್ಮಲ್ಲಿ ದೊಡ್ಡ ಕೆಲಸ. ದಿನಾ ಕೇಳುತ್ತಿದ್ದೆ. "ಏನ್ ಬೇಕವ್ವಾ ನಿನಗ?"

"ಏನಿಲ್ರಿ ಅತ್ತಿ."

"ಏನಿಲ್ಲ ಅನ್ನೂದನ್ನ ಹೆಂಗ ಮಾಡ್ತಾರ ಹೇಳು, ಅದನ್ನರ ಮಾಡ್ತೀನಿ."

ನಕ್ಕಳು. ನಗುತ್ತ ನಗುತ್ತ ಬಾಯಿಬಿಟ್ಟಳು. "ನಮ್ಮವ್ವ ಪಾತೆ ಮಾಡ್ತಿದ್ಲ್ರಿ. ಮೈದಾ ಹಿಟ್ಟ ಪದರ ಪದರ ಲಟ್ಟಿಸಿ, ಒಳಗ ಕ್ಯಾಬೇಜು, ಉಪ್ಪು ಹಚ್ಚಿ ಒಣಗಿಸಿದ ಮೀ..."

ಅಷ್ಟಕ್ಕೆ ನಾಲಿಗೆ ಕಚ್ಚಿಕೊಂಡಳು. ಪಕ್ಕದಲ್ಲಿ ಅವಳ ಮಾವ ಹಣೆತುಂಬ ವಿಭೂತಿ ಬಳಿದುಕೊಂಡು ಪೇಪರ್ ಓದುತ್ತಿದ್ದರು. ನಮ್ಮ ಮನೆಯಲ್ಲಿ ಮೀನೆಂದರೆ ಬಾವಿಯಲ್ಲಿ ಬಿಟ್ಟದ್ದು ಮಾತ್ರ. ಪೇಪರು ಒಂದು ಸಲ ಅಲುಗಿತು. "ಕ್ಯಾಬೇಜು ಅಷ್ಟ ಸಾಕ್ರಿ," ಎಂದಳು ಹುಡುಗಿ.

ಇದರ ನಡುವೆ ಕುಬುಸದ ಮಾತು ಬಂತು. ಬಸುರಿಗೆ ತವರಿನವರು ಹೊಸ ಕುಬುಸ, ಹಸಿರು ಬಳೆ ತಂದು ಉಡಿ ತುಂಬುವ ಕಾರ್ಯ ಅದು. ಬರುವಾಗ ತವರಿನ ಬುತ್ತಿ ಬರಬೇಕು, ಹಡೆದವಳ ಕೈಯಿಂದ ಮಾಡಿದ ತಿಂಡಿ ತುಂಬಿದ ಬುಟ್ಟಿ. ಅದನ್ನು ಬಸುರಿ ಎಲ್ಲರೆದುರು ತಿನ್ನಬೇಕು. ಕಾನೂನು ನೋಡಿಕೊಳ್ಳಲು ಗಂಗಕ್ಕ ಹಾವೇರಿಯಿಂದ ಚೀಲದ ಸಮೇತ ಬಂದಿಳಿದರು. ರೋಜವ್ವನ ತಾಯಿ ಬರುವಂತಿರಲಿಲ್ಲ. ಅವರ ದೇಶದಲ್ಲಿ ಗಲಾಟೆ, ವಿಮಾನ ಹಾರುವುದೂ ನಿಂತಿತ್ತು.

"ಅಲ್ಲವಾ ಶಾಂತಾ," ಎಂದರು ಗಂಗಕ್ಕ, ದನಿ ಇಳಿಸಿ, ಅಂದರೆ ಎರಡು ಮನೆಗಷ್ಟೇ ಕೇಳುವ ಹಾಗೆ, "ತವರಿನ ಬುತ್ತಿ ಇಲ್ದ ಕುಬುಸ ಅಂದ್ರ ಹೆಂಗ? ಮಂದಿ ಕೇಳಿದ್ರ ಏನ್ ಹೇಳೂದು?"

"ಮಂದಿಗೆ ಹೇಳೂದು ಇಷ್ಟು ವರ್ಷ ನೀವ ನೋಡ್ಕೊಂಡು ಬಂದೀರಲ್ರಿ ಅಕ್ಕಾರ. ಇದನ್ನೂ ನೀವ ನೋಡ್ರಿ."

"ನಾ ಸುಳ್ಳ ಹೇಳಾಕತ್ತೇನೇನ? ಆ ಹುಡುಗಿಗೆ ತವರಿನಿಂದ ಯಾರ ಬರ್ತಾರ?"

ಹುಡುಗಿ ಅಡಿಗೆ ಮನೆಯ ಬಾಗಿಲಲ್ಲೇ ನಿಂತಿದ್ದಳು. ಅಂದು ಮಜ್ಜಿಗೆಯೂ ಬೇಡವೆಂದಳು.

ನನ್ನ ಅವ್ವನ ನೆನಪಾಯಿತು. ನನ್ನ ಅಕ್ಕನನ್ನು ಐರಣಿಗೆ ಕೊಟ್ಟಿತ್ತು, ತುಂಗಭದ್ರೆಯ ದಂಡೆಗೆ. ಅಕ್ಕನ ಕುಬುಸಕ್ಕೆ ಅವ್ವ ಬುತ್ತಿ ಹೊತ್ತು ಹೊರಟಾಗ ನಾನೂ ಲಂಗ ಎತ್ತಿಕೊಂಡು ಹಿಂದೆ ಓಡಿದ್ದೆ. ಕರ್ಚಿಕಾಯಿಯ ಅಂಚುಗಳನ್ನೆಲ್ಲ ಈ ಚಕ್ರದಿಂದ ಕತ್ತರಿಸಿದವಳು ನಾನೇ ಆದ್ದರಿಂದ ಇಡೀ ಬುತ್ತಿ ನನ್ನದೆಂದೇ ನನ್ನ ತಿಳಿವಳಿಕೆ. ಅವ್ವನದೊಂದು ನೇಮವಿತ್ತು. ದಾರಿಯಲ್ಲಿ "ಯಾರ ಮನಿಗಿ ಬುತ್ತಿ?" ಎಂದು ಕೇಳಿದವರಿಗೆ ಒಂದು ಕೈಗೆ ಕೊಡದೆ ಮುಂದೆ ಹೋಗುತ್ತಿರಲಿಲ್ಲ. ಕೇಳಿದವರ ಬಾಯಿಯ ಹರಕೆಯೂ ಬುತ್ತಿಯ ಜೊತೆ ಹೋಗಬೇಕಂತೆ. ಬಸ್ಸಿನ ಕಂಡಕ್ಟರ್ ಕೇಳಿದ, ಕೊಟ್ಟಳು. ರಾಣೇಬೆನ್ನೂರಿನಲ್ಲಿ ಹೂವಿನವಳು ಕೇಳಿದಳು, ಕೊಟ್ಟಳು. ಐರಣಿಯ ಅಗಸಿ ಬಾಗಿಲು ಮುಟ್ಟುವಷ್ಟರಲ್ಲಿ ನಾನು ಅಳುವುದಕ್ಕೆ ಸುರುಮಾಡಿದ್ದೆ. ಕೇಳದೆ ಇದ್ದವಳು ನಾನೊಬ್ಬಳೇ, ಅದಕ್ಕೇ ನನಗೆ ಸಿಕ್ಕಿರಲಿಲ್ಲ.

ಇರಲಿ. ನಾನು ಪಾತೆ ಮಾಡಲು ನಿಂತೆ. ಹೊಟ್ಟೆ ಉಬ್ಬಿದ ಅರ್ಧಚಂದ್ರ, ಅಂಚಿಗೆ ಹಲ್ಲು, ಎಣ್ಣೆಯಲ್ಲಿ ಕರಿಯುವುದು. ಇದರಲ್ಲಿ ಹೈಟಿಯವರು ನನಗೆ ಕಲಿಸುವುದು ಏನಿದೆ? ಮೈದಾಕ್ಕೆ ಚಿರೋಟಿ ರವೆ ಬೆರೆಸಿ, ಎಣ್ಣೆ ಚುರ್ ಅನ್ನುವ ಹಾಗೆ ಕಾಯಿಸಿ ಸುರಿದು, ಗಟ್ಟಿಯಾಗಿ ನಾದಿ, ಒರಳಿಗೆ ಹಾಕಿ ಕುಟ್ಟಿದೆ. ಕ್ಯಾಬೇಜು ಹುರಿದೆ. ಇನ್ನೇನು ತುಂಬಬೇಕು, ಅಷ್ಟರಲ್ಲಿ ನನ್ನ ಕೈ ತಾನೇ ಡಬ್ಬಿಗೆ ಹೋಗಿ ಒಂದು ಹಿಡಿ ಬೆಲ್ಲ ತಂದು ಅದರೊಳಗೆ ಹಾಕಿತು. ನನ್ನ ತಪ್ಪಲ್ಲ. ಇಷ್ಟು ವರ್ಷ ಅರ್ಧಚಂದ್ರ ಕಂಡಲ್ಲೆಲ್ಲ ಬೆಲ್ಲ ಹಾಕಿದ ಕೈ ಅದು. ಮೇಲಾಗಿ ಬಸುರಿಗೆ ಮೊದಲು ಸಿಹಿ ಕೊಡಬೇಕಲ್ಲ.

ಬೆಲ್ಲದ ಕ್ಯಾಬೇಜು ಕರ್ಚಿಕಾಯಿಯನ್ನು ನೀವು ತಿಂದಿಲ್ಲವಾದರೆ ದೇವರು ನಿಮ್ಮನ್ನು ಕಾಯುತ್ತಿದ್ದಾನೆ ಎಂದು ತಿಳಿಯಿರಿ. ನಮ್ಮ ಮನೆಯವರು ಅದನ್ನು ಮೆಣಸಿನಕಾಯಿ ಸ್ಯಾಂಪಲ್ಲಿನ ಹಾಗೆ ಅಂಗೈಯಲ್ಲಿ ಹಿಡಿದು ತೂಗಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು, ಕಡೆಗೆ ಕಚ್ಚಿದರು. ಕಟ್ಟಿಸಿದ ಹಲ್ಲು ಅದರಲ್ಲೇ ಉಳಿಯಿತು. ರೋಜವ್ವ ಒಂದು ತುಂಡು ತಿಂದು, "ಛೊಲೋ ಆಗ್ಯಾವ್ರಿ," ಎಂದು ನಕ್ಕು, ಹಿತ್ತಲಿಗೆ ಓಡಿದಳು. ಮಲ್ಲು ತಂಬಿಗೆ ಹಿಡಿದು ಹಿಂದೆ ಓಡಿದ. ಗಂಗಕ್ಕ ತಮ್ಮ ಪಾಲಿನದನ್ನು ಮೆಲ್ಲಗೆ ತಟ್ಟೆಗೆ ವಾಪಸು ಇಟ್ಟರು.

ಮರುದಿನ ಮಧ್ಯಾಹ್ನ ಮೊಸರನ್ನದ ಜೊತೆಗೆಂದು ಬಾಳಕ ಕರಿಯುತ್ತಿದ್ದೆ. ಮೆಣಸಿನಕಾಯಿ ಸೀಳಿ, ಉಪ್ಪು ತುಂಬಿ, ಮಜ್ಜಿಗೆಯಲ್ಲಿ ನೆನೆಸಿ ಬಿಸಿಲಿಗೆ ಒಣಗಿಸಿದ್ದು. ಒಗ್ಗರಣೆ ವಾಸನೆಗೇ ಮೂಗು ಮುಚ್ಚಿ ಓಡುತ್ತಿದ್ದ ಹುಡುಗಿ ತಾನಾಗಿ ಅಡಿಗೆ ಮನೆಗೆ ಬಂದಳು. ಒಂದು ತೆಗೆದುಕೊಂಡು ಮೂಸಿದಳು. ಕಟುಂ ಎಂದು ಕಡಿದಳು. ಇನ್ನೊಂದು ತೆಗೆದುಕೊಂಡಳು.

"ಅತ್ತಿ, ಇದು ಉಪ್ಪು ಮೀನಲ್ರಿ. ಆದ್ರ ಅದರ ತಂಗಿ ಇದ್ದಂಗ ಐತ್ರಿ."

ಆ ಹೊತ್ತಿಗೆ ಅವಳ ಮಾವನ ಬಾಯಲ್ಲಿ ಒಂದು ಬಾಳಕ ಅರ್ಧ ಮುರಿದಿತ್ತು. ಅಗಿಯುವುದು ನಿಂತಿತು. ಮೀನಿನ ತಂಗಿ! ಅವರು ಮಾಡಿನ ಕಡೆ ನೋಡಿದರು, ವಿಭೂತಿ ಮುಟ್ಟಿಕೊಂಡರು, ಬಹಳ ವಿಚಾರ ಮಾಡಿದರು. ಆಮೇಲೆ ಅಗಿಯುವುದನ್ನು ಮುಂದುವರಿಸಿದರು. ಧರ್ಮದ ಪ್ರಶ್ನೆಗಳನ್ನು ನಮ್ಮ ಮನೆಯಲ್ಲಿ ಹೀಗೆಯೇ ಬಗೆಹರಿಸುವುದು.

ಒಳಗೆ ಏನು ಹಾಕಬೇಕೆಂದು ಗೊತ್ತಾಯಿತು. ಹೊರಗಿನ ಹಿಟ್ಟಿನ ಪಾಠಕ್ಕೆ, ಕುಬುಸದ ಹಿಂದಿನ ಸಂಜೆ, ಮಲ್ಲು ಫೋನು ಹಚ್ಚಿದ. ನಮ್ಮ ಸಂಜೆ ಅವರಿಗೆ ಮುಂಜಾನೆ. ತೆರೆಯ ಮೇಲೆ ತಲೆಗೆ ವಸ್ತ್ರ ಕಟ್ಟಿದ ನಮ್ಮ ಬೀಗತಿ, ಹಿಂದೆ ಎಲ್ಲೋ ಹುಂಜದ ಕೂಗು. ನಾನು ಹೆಮ್ಮೆಯಿಂದ ನಾದಿದ ಹಿಟ್ಟನ್ನು ಎತ್ತಿ ತೋರಿಸಿದೆ. ಆಕೆ ತಮ್ಮ ಭಾಷೆಯಲ್ಲಿ ಏನೋ ಕೂಗಿ ಹಣೆ ಹಣೆ ಬಡಿದುಕೊಂಡಳು.

"ಏನಂತಾರ ನಿಮ್ಮವ್ವ?"

"ಹಿಟ್ಟ ಭಾಳ ಛೊಲೋ ಐತಂತ್ರಿ," ಎಂದಳು ರೋಜವ್ವ.

ಅಷ್ಟು ಒಳ್ಳೆಯ ಹಿಟ್ಟಿಗೆ ಯಾರಾದರೂ ಹಣೆ ಬಡಿದುಕೊಳ್ಳುತ್ತಾರೆಯೇ? ಬಿಡಿಸಿ ಕೇಳಿದ ಮೇಲೆ ತಿಳಿಯಿತು. ಪಾತೆಯ ಹಿಟ್ಟನ್ನು ನಾದಬಾರದಂತೆ! ಎಣ್ಣೆ ಕಾಯಿಸಬಾರದಂತೆ. ಬೆಣ್ಣೆ ತಣ್ಣಗೆ ಗಟ್ಟಿಯಾಗಿರಬೇಕು, ನೀರು ಐಸಿನ ಹಾಗಿರಬೇಕು, ಹಿಟ್ಟಿಗೆ ಕೈಬಿಸಿ ತಾಗಬಾರದು. ಲಟ್ಟಿಸುವುದು, ಸೀರೆಯ ಹಾಗೆ ಮಡಿಸುವುದು, ಫ್ರಿಜ್ಜಿನಲ್ಲಿಡುವುದು. ಮತ್ತೆ ಲಟ್ಟಿಸುವುದು, ಮಡಿಸುವುದು. ಹಿಟ್ಟನ್ನು ನಾದಬೇಡವೆಂದು ಕುಪ್ಪೇಲೂರಿನ ಹೆಣ್ಣಿಗೆ ಹೇಳುವುದೆಂದರೆ ಗಂಗಕ್ಕನಿಗೆ ಮಾತಾಡಬೇಡಿ ಎಂದು ಹೇಳಿದ ಹಾಗೆ. ಬ್ಯಾಡಗಿಯ ಬೇಸಿಗೆ ಬೇರೆ, ಬೆಣ್ಣೆ ನನ್ನ ಮುಖ ನೋಡಿದರೆ ಕರಗುತ್ತಿತ್ತು. ನಮ್ಮ ಮನೆಯವರು ಬೀಸಣಿಗೆ ತಂದು ಹಿಟ್ಟಿಗೆ ಗಾಳಿ ಹಾಕಿದರು. ನಾನು ಹಡೆಯುವಾಗ ಅವರು ಮೋಟೆಬೆನ್ನೂರಿನ ಸಂತೆಯಲ್ಲಿದ್ದರು. ಹಿಟ್ಟಿನ ಪುಣ್ಯ ದೊಡ್ಡದು.

ನಡುವೆ ಯಾರೂ ನೋಡುತ್ತಿಲ್ಲವೆಂದು ಮೆಲ್ಲಗೆ ಮುಷ್ಟಿ ಕಟ್ಟಿ ಒಮ್ಮೆ ಒತ್ತಿದೆ. ಚಟ್ ಎಂದು ಕೈಮೇಲೆ ಏಟು ಬಿತ್ತು.

"ನಾದಬ್ಯಾಡ್ರಿ ಅಂದ್ನೆಲ್ರಿ ಅತ್ತಿ!"

ಸೊಸೆ ಅತ್ತೆಯ ಮೇಲೆ ಕೈ ಮಾಡಿದ್ದಳು, ಅದೂ ಗಂಗಕ್ಕನ ಕಣ್ಣೆದುರಿಗೆ. ಓಣಿಯ ಕಟ್ಟೆಯ ಮೇಲೆ ಕೂತು ವರ್ಷಗಟ್ಟಲೆ ಹೇಳಿಕೊಳ್ಳಬಹುದಾದ ಸಂಗತಿ. ಆದರೆ ನನಗೆ ಏನು ಖುಷಿಯಾಯಿತೆಂದರೆ, ಹೊಡೆಯುವಷ್ಟು ತ್ರಾಣ ಇನ್ನೂ ಇದೆಯಲ್ಲ ಹುಡುಗಿಯ ಕೈಯಲ್ಲಿ ಅಂತ.

ಮರುದಿನ ಮಧ್ಯಾಹ್ನ ಕ್ಯಾಬೇಜು, ಉಳ್ಳಾಗಡ್ಡಿ ಹುರಿದು, ಲವಂಗ ಕುಟ್ಟಿ ಹಾಕಿ, ಅವರ ಊರಿನ ಯಾವುದೋ ಸೊಪ್ಪಿನ ಬದಲು ಅಜವಾನ ಉದುರಿಸಿ, ಕರಿದ ಬಾಳಕವನ್ನು ಪುಡಿಮಾಡಿ ಬೆರೆಸಿದೆ. ಬೆಲ್ಲದ ಡಬ್ಬಿಯನ್ನು ಮಲ್ಲು ಮೊದಲೇ ಎಲ್ಲೋ ಅಡಗಿಸಿಟ್ಟಿದ್ದ. ಹಿಟ್ಟು ಲಟ್ಟಿಸಿ, ತುಂಬಿ, ಮಡಚಿ, ಅವ್ವನ ಚಕ್ರ ಉರುಳಿಸಿದೆ. ಎಣ್ಣೆಗೆ ಬಿಟ್ಟರೆ ಪದರ ಪದರ ಬಿಚ್ಚಿಕೊಂಡು ಹೂವಾಗಿ ಅರಳಿದವು. ರೋಜವ್ವ ಮೂಸಿ ಮೂಸಿ ನೋಡಿದಳೇ ಹೊರತು ತಿನ್ನುವ ಹಾಗಿರಲಿಲ್ಲ. ಬುತ್ತಿ ಹೊಸ್ತಿಲು ದಾಟಿ ಬರುವ ಮುಂಚೆ ಬಸುರಿ ಬಾಯಿಗಿಡಬಾರದು, ಗಂಗಕ್ಕನ ಕಾನೂನು.

"ದಾಟಿ ಬರೂದು ಎಲ್ಲಿಂದ?" ಎಂದರು ಗಂಗಕ್ಕ. "ಅಡಿಗಿ ಮನಿಯಿಂದ ಪಡಸಾಲಿಗೇನು? ಅದಕ್ಕ ತವರಿನ ಬುತ್ತಿ ಅಂತಾರೇನ?"

ರೋಜವ್ವ ತಲೆ ತಗ್ಗಿಸಿ ಬಳೆಯ ದಾರ ಬಿಗಿಮಾಡಿಕೊಳ್ಳತೊಡಗಿದಳು. ಅದನ್ನು ನೋಡಿದವಳೇ ನಾನು ಎದ್ದೆ.

"ಅಕ್ಕಾರ, ತವರಿನವರು ಬರಾಕತ್ತಾರ. ಆರತಿ ತಯಾರ ಮಾಡ್ರಿ," ಎಂದು ಹೇಳಿ ಇಳಕಲ್ ಸೀರೆ ಉಟ್ಟೆ. ಪಾತೆಗಳನ್ನು ಬುಟ್ಟಿಗೆ ತುಂಬಿ, ಬಿಳಿ ಬಟ್ಟೆ ಕಟ್ಟಿ, ತಲೆಯ ಮೇಲಿಟ್ಟುಕೊಂಡು ಹಿತ್ತಲ ಬಾಗಿಲಿಂದ ಹೊರಬಿದ್ದೆ. ಓಣಿ ಸುತ್ತು ಹಾಕಿ ಮುಂದಿನ ಬಾಗಿಲಿಗೆ ಬರಬೇಕು, ಅಷ್ಟೇ. ಆದರೆ ಬುತ್ತಿ ಕಂಡ ಮೇಲೆ ನಮ್ಮ ಓಣಿ ಸುಮ್ಮನಿರುತ್ತದೆಯೇ?

"ಯಾರ ಮನಿಗಿ ಬುತ್ತಿ ಶಾಂತಕ್ಕಾರ?" ಎಂದಳು ಹಿಟ್ಟಿನ ಗಿರಣಿಯವಳು.

"ಮಗಳ ಮನಿಗವ್ವಾ."

"ನಿಮಗ ಮಗಳೆಲ್ಲಿ ಅದಾಳ್ರಿ?"

"ಅದಾಳ. ಬಸುರಿ ಅದಾಳ," ಎಂದು ಒಂದು ಪಾತೆ ಕೈಗಿಟ್ಟೆ. ಅವ್ವನ ನೇಮ. ನಳದ ಕಟ್ಟೆಯಲ್ಲಿ ಕೇಳಿದರು, ಕೊಟ್ಟೆ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತ ಹೆಂಗಸರು ಸಾಲಾಗಿ ಕೇಳಿದರು. ತಿಂದವರೆಲ್ಲ ಬಾಯಿ ತುಂಬಿಕೊಂಡೇ "ಸುಸೂತ್ರ ಹಡೀಲಿ" ಎಂದರು. ಅಷ್ಟು ಸಣ್ಣ ಓಣಿಯಲ್ಲಿ ಅಷ್ಟು ಬಾಯಿಗಳಿವೆ ಎಂದು ಅಂದೇ ತಿಳಿದದ್ದು.

ನಮ್ಮ ಮನೆಯವರು ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಒಳಗಿದ್ದ ಹೆಂಡತಿ ಹೊರಗಿನಿಂದ ಬುಟ್ಟಿ ಹೊತ್ತು ಬರುವುದನ್ನು ನೋಡಿ ಬಾಯಿ ತೆರೆದರು. ಅವರಿಗೆ ನಾನು ಏನೂ ಹೇಳಿರಲಿಲ್ಲ. ಈಗ ಏನಾದರೂ ಅಂದು ಕೆಲಸ ಕೆಡಿಸುತ್ತಾರೆ ಎಂದುಕೊಂಡೆ. ಬುಟ್ಟಿ ನೋಡಿದರು, ನನ್ನ ಇಳಕಲ್ ಸೀರೆ ನೋಡಿದರು, ಒಳಗೆ ಬಾಗಿಲ ಮರೆಯಲ್ಲಿ ನಿಂತ ಸೊಸೆಯನ್ನು ನೋಡಿದರು. ಆಮೇಲೆ ಎದ್ದು ನಿಂತು, ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, ಕೈ ಮುಗಿದರು.

"ಬರ್ರಿ ಬೀಗರ. ದಾರಿ ಭಾಳ ದೂರ ಆತೇನ್ರಿ?"

"ಸಮುದ್ರ ದಾಟಿ ಬರಬೇಕಲ್ರಿ ಬೀಗರ," ಎಂದೆ. "ದೂರನ."

ಅವರು ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದು ನನ್ನ ಕಾಲಿಗೆ ಕೊಟ್ಟರು. ಮದುವೆಯಾದಾಗಿನಿಂದ ಒಂದು ಲೋಟ ನೀರು ತಂದು ಕೈಗೆ ಕೊಡದ ಮನುಷ್ಯ. ಮೊದಲೇ ಗೊತ್ತಿದ್ದರೆ ವರ್ಷಕ್ಕೊಮ್ಮೆ ಬುಟ್ಟಿ ಹೊತ್ತು ಓಣಿ ಸುತ್ತುತ್ತಿದ್ದೆ.

ಒಳಗೆ ಹೆಜ್ಜೆ ಇಡಬೇಕು, ಅಷ್ಟರಲ್ಲಿ ಗಂಗಕ್ಕ ಅಡ್ಡ ನಿಂತರು. ಆಯಿತು, ಮುಗಿಯಿತು ಎಂದುಕೊಂಡೆ.

"ನಿಂದ್ರು! ಬೀಗತಿ ಅಂದ್ಮ್ಯಾಲ ಬೀಗತಿ. ಹೊಸ್ತಿಲದಾಗ ಆರತಿ ಆಗದ ಒಳಗ ಹೆಂಗ ಬರ್ತೀ?" ಎಂದು ಆರತಿ ಎತ್ತಿದರು. ಗಂಗಕ್ಕನ ಗುಣವೇ ಅದು. ತವರು ಬರಲಿಲ್ಲವಾದರೆ ಬಿಡುವವರಲ್ಲ. ಬಂತೆಂದರೆ ಮರ್ಯಾದೆಯಲ್ಲಿ ಒಂದು ಎಳ್ಳು ಕಡಿಮೆ ಮಾಡುವವರೂ ಅಲ್ಲ. ನಾನು ಹಸಿರು ಬಳೆ ತೊಡಿಸಿ ಉಡಿ ತುಂಬುವಾಗ ರೋಜವ್ವ ನನ್ನ ಕೈ ಬಿಡಲೇ ಇಲ್ಲ. "ಅತ್ತಿ" ಎಂದು ಏನೋ ಹೇ‍ಳಲು ಹೋದಳು, ಗಂಗಕ್ಕ ಗದರಿದರು: "ಇವತ್ತೊಂದಿನ ಅತ್ತಿ ಅಲ್ಲಕಿ. ಅವ್ವ ಅನ್ನು."

ಅಂದಳು.

ಸಂಜೆ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಇಟ್ಟಿದ್ದ ಮಲ್ಲು. ಆ ಕಡೆ ಬೀಗತಿ ಮುಂಜಾನೆಯ ಬಿಸಿಲಲ್ಲಿ ತನ್ನ ಪಾತೆ ತಟ್ಟೆ ಹಿಡಿದು ಕೂತಿದ್ದಳು. ಅದರೊಳಗೆ ಏನಿದೆಯೆಂದು ನಮ್ಮ ಮನೆಯವರು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ರೋಜವ್ವ ಪಾತೆ ಮುರಿದಳು. ಕರಕರ ಎಂದು ಪದರು ಸೆರಗಿನ ತುಂಬ ಉದುರಿತು. ಕಣ್ಣು ಮುಚ್ಚಿ ಅಗಿದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ, ಅಂದರೆ ಎಲ್ಲರೂ ನೋಡುತ್ತಿದ್ದೆವು. ಮಲ್ಲು ರೂಢಿಯಂತೆ ತಂಬಿಗೆಯ ಮೇಲೆ ಕೈ ಇಟ್ಟುಕೊಂಡು ಒಂದು ಕಾಲು ಹಿತ್ತಲ ಕಡೆ ಚಾಚಿದ್ದ. ಅವಳು ನುಂಗಿದಳು. ಏಳಲಿಲ್ಲ. ಪೂರ್ತಿ ತಿಂದಳು. ಏಳಲಿಲ್ಲ. ಫೋನಿಗೆ ಬಗ್ಗಿ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಆ ಕಡೆ ಬೀಗತಿ ತಟ್ಟೆ ಕೆಳಗಿಟ್ಟು ತಲೆಯ ವಸ್ತ್ರದ ತುದಿಯಿಂದ ಕಣ್ಣು ಒರೆಸಿಕೊಂಡಳು.

"ಏನಂದೆವ್ವಾ?" ಎಂದೆ.

"ಹಿಟ್ಟ ಭಾಳ ಛೊಲೋ ಐತಿ ಅಂದೆ."

ಈ ಸಲ ಯಾರೂ ಹಣೆ ಬಡಿದುಕೊಳ್ಳಲಿಲ್ಲ.

"ಇನ್ನೊಂದು ಐತೇನವ್ವಾ?" ಎಂದಳು. ಬುಟ್ಟಿಗೆ ಕೈ ಹಾಕಿದರೆ ಬರೀ ಬಿಳಿ ಬಟ್ಟೆ. ಓಣಿಯ ಹರಕೆ ಬಹಳ ತುಟ್ಟಿಯಾಗಿತ್ತು. ಹಿಟ್ಟು ಫ್ರಿಜ್ಜಿನಲ್ಲಿ ಇನ್ನೂ ಇತ್ತು. ಎರಡು ಕರಿಯೋಣವೆಂದು ಏಳಹೋದೆ. ಗಂಗಕ್ಕ ಹೆಗಲು ಹಿಡಿದು ಕೂರಿಸಿದರು.

"ಕುಂದ್ರವಾ. ಬೀಗರು ಅಡಿಗಿ ಮನಿಗೆ ಹೋಗೂದಿಲ್ಲ."

ನಮ್ಮ ಮನೆಯವರು ಧೋತರ ಎತ್ತಿ ಕಟ್ಟಿ ಒಲೆಯ ಮುಂದೆ ಹೋಗಿ ನಿಂತರು. ಒಳಗಿನಿಂದ ಕರಿಯುವ ಜಾರೆಯ ಸಪ್ಪಳ, ಹೊಗೆ, ಕೆಮ್ಮು, "ಆತು, ಆತು" ಎಂಬ ಭರವಸೆ ಒಂದಾದ ಮೇಲೊಂದು ಬಂದವು. ಕಡೆಗೆ ಬಂದ ಪಾತೆ ಕಂಬಳಿಯಷ್ಟು ಕಪ್ಪಗಿತ್ತು. ಹುಡುಗಿ ಅದನ್ನೂ ತಿಂದಳು, ಮತ್ತೊಂದು ಕೇಳಿದಳು. ಮಾವ ಮತ್ತೆ ಒಳಗೆ ಓಡಿದರು. ನಾನೇನು ಮಾಡಲಿ, ದೂರದ ಊರಿನಿಂದ ಬಂದ ಬೀಗತಿ. ಕಾಲು ಚಾಚಿ ಕೂತು, ಬಡಿಸಿದ್ದನ್ನು ಉಂಡೆ.